ಲಿಂಗದ ಕಾಲಂ ಅಳಿಸುವ ಮುನ್ನ

ಲಿಂಗತ್ವ ಅಲ್ಪಸಂಖ್ಯಾತರ ಕುರಿತು ಕನ್ನಡದಲ್ಲಿ ಎಲ್ಲೇ ವಿಚಾರ ಸಂಕಿರಣ ನಡೆಯಲಿ, ಜೇಡರ ದಾಸಿಮಯ್ಯನ ಆ ಒಂದು ವಚನ ಬಾರದೆ ಸಭೆ ಮುಗಿಯುವುದಿಲ್ಲ. ಆತ್ಮಕ್ಕೆ ಲಿಂಗಭೇದವಿಲ್ಲ ಎಂಬ ಅದರ ತಾತ್ಪರ್ಯಕ್ಕೆ ಚಪ್ಪಾಳೆ ಬೀಳುತ್ತದೆ. ಅಧ್ಯಕ್ಷ ಭಾಷಣಕ್ಕೆ ಎದ್ದವರು ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ, ಹೆಣ್ಣು ಗಂಡೆಂಬ ವಿಂಗಡಣೆಯೇ ಬೇಡ, ಅರ್ಜಿ ನಮೂನೆಯಿಂದ ಹಿಡಿದು ಅಡುಗೆಮನೆಯವರೆಗೆ ಎಲ್ಲ ಕಡೆಯಿಂದಲೂ ಅದನ್ನು ಕಿತ್ತುಹಾಕಬೇಕು, ನಾವೆಲ್ಲ ಮನುಷ್ಯರಷ್ಟೇ ಎಂದು ಮಾತು ಮುಗಿಸುತ್ತಾರೆ. ಕೇಳಲು ಸೊಗಸಾಗಿದೆ. ಆದರೆ ಹಿಂದಿನ ಸಾಲಿನಲ್ಲಿ ಕೂತ ಟ್ರಾನ್ಸ್ ಮಹಿಳೆಯರ ಮುಖ ನೋಡಿ. ಹೆಣ್ಣಾಗಿ ಬದುಕುವುದಕ್ಕೆಂದೇ ಮನೆ, ಓದು, ಬಂಧುಬಳಗ ಎಲ್ಲ ಬಿಟ್ಟು ಬಂದವರು ಅವರು. ಇಷ್ಟೆಲ್ಲ ಕಳೆದುಕೊಂಡು ಊರು ತಲುಪಿದವರಿಗೆ ‘ಅಂಥ ಊರೇ ಇಲ್ಲ’ ಎಂದು ಹೇಳಿದ ಹಾಗಿರುತ್ತದೆ ಆ ಭಾಷಣ.

ಲಿಂಗದ ವರ್ಗಗಳನ್ನೇ ರದ್ದು ಮಾಡಬೇಕೆ ಎಂಬ ಪ್ರಶ್ನೆಗೆ ಟ್ರಾನ್ಸ್ ಸಮುದಾಯ ಒಂದೇ ದನಿಯಲ್ಲಿ ಉತ್ತರ ಕೊಡುವುದಿಲ್ಲ. ಆಗಲಿ ಎನ್ನುವವರಿದ್ದಾರೆ, ಸುತರಾಂ ಬೇಡ ಎನ್ನುವವರಿದ್ದಾರೆ, ಮುಂದೆಂದಾದರೂ ನೋಡೋಣ, ಈಗ ಕೈ ಹಚ್ಚಬೇಡಿ ಎನ್ನುವವರೂ ಇದ್ದಾರೆ. ಹೊರಗೆ ನಿಂತವರಿಗೆ ಮಾತ್ರ ಇಷ್ಟು ತಾಳ್ಮೆ ಇಲ್ಲ. ‘ನೋಡಿ, ಹೆಣ್ಣು ಗಂಡೆಂಬುದು ಬರೀ ಭ್ರಮೆ ಅನ್ನುವುದಕ್ಕೆ ಇವರೇ ಸಾಕ್ಷಿ’ ಎಂದು ಒಂದು ಕಡೆಯವರು ಅವರನ್ನು ಮುಂದೆ ತಳ್ಳುತ್ತಾರೆ. ‘ನೋಡಿ, ಸೀರೆ ಬಳೆಗೆ ಜೋತುಬಿದ್ದು ಹಳೆಯ ಕಟ್ಟುಪಾಡನ್ನೇ ಗಟ್ಟಿ ಮಾಡುತ್ತಿದ್ದಾರೆ’ ಎಂದು ಇನ್ನೊಂದು ಕಡೆಯವರು ಬೆರಳು ತೋರಿಸುತ್ತಾರೆ. ಇಬ್ಬರಿಗೂ ಬೇಕಿರುವುದು ತಮ್ಮ ವಾದಕ್ಕೊಂದು ಉದಾಹರಣೆ, ಅಷ್ಟೆ.

ರದ್ದತಿಯ ವಾದ ನಿನ್ನೆ ಮೊನ್ನೆಯದಲ್ಲ. 1970ರಲ್ಲಿ ಅಮೆರಿಕದ ಸ್ತ್ರೀವಾದಿ ಶುಲಾಮಿತ್ ಫೈರ್‌ಸ್ಟೋನ್ ‘ದಿ ಡಯಲೆಕ್ಟಿಕ್ ಆಫ್ ಸೆಕ್ಸ್’ ಬರೆದರು. ಗಂಡಸಿನ ಸವಲತ್ತು ಹೋದರೆ ಸಾಲದು, ದೇಹದ ಈ ವ್ಯತ್ಯಾಸಕ್ಕೆ ಸಮಾಜದಲ್ಲಿ ಯಾವ ಬೆಲೆಯೂ ಉಳಿಯಬಾರದು ಎಂಬುದು ಅವರ ನಿಲುವು. 2000ದ ಹೊತ್ತಿಗೆ ಸ್ಯಾಲಿ ಹ್ಯಾಸ್ಲಾಂಗರ್ ಎಂಬ ತತ್ವಶಾಸ್ತ್ರಜ್ಞೆ ಇದನ್ನೇ ಇನ್ನೂ ಬಿಗಿಯಾಗಿ ಹೇಳಿದರು. ಅವರ ಪ್ರಕಾರ ದೇಹದ ಗುರುತಿನ ನೆಪದಲ್ಲಿ ಯಾರನ್ನು ಕೆಳಗೆ ಕೂರಿಸಲಾಗಿದೆಯೋ ಅವರು ಹೆಣ್ಣು, ಅದೇ ನೆಪದಲ್ಲಿ ಯಾರು ಮೇಲೆ ಕೂತಿದ್ದಾರೋ ಅವರು ಗಂಡು. ಹೀಗೆಂದ ಮೇಲೆ ನ್ಯಾಯ ಬೇಕೆನ್ನುವವರು ಈ ಎರಡು ಸ್ಥಾನಗಳೂ ಇಲ್ಲವಾಗಲಿ ಎಂದೇ ಬಯಸಬೇಕಾಗುತ್ತದೆ. ತರ್ಕದಲ್ಲಿ ಲೋಪ ಕಾಣುವುದಿಲ್ಲ. ವರದಕ್ಷಿಣೆ, ಭ್ರೂಣಹತ್ಯೆ, ಅರ್ಧ ಕೂಲಿ ಇವನ್ನೆಲ್ಲ ಕಂಡ ನಮಗೆ ಹೆಣ್ಣೆಂದರೆ ಕೆಳಗಿನ ಮೆಟ್ಟಿಲು ಎನ್ನುವುದನ್ನು ಯಾರೂ ಬಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಹೆಣ್ಣುತನವೆಂದರೆ ಕೆಳಗಿನ ಮೆಟ್ಟಿಲು ಮಾತ್ರವೇ ಆಗಿದ್ದರೆ, ಮೇಲಿನ ಮೆಟ್ಟಿಲಿನಲ್ಲಿ ಹುಟ್ಟಿದವರು ಹಠ ಹಿಡಿದು, ಏಟು ತಿಂದು ಯಾಕೆ ಇಳಿದು ಬರುತ್ತಾರೆ? ತಮ್ಮ ಸಿದ್ಧಾಂತವೇ ಸ್ವಲ್ಪ ಕಡಿಮೆ ಬಿದ್ದಿರಬಹುದು ಎಂದುಕೊಳ್ಳುವ ಬದಲು ಕೆಲವರು ಆ ಜನರನ್ನೇ ಅನುಮಾನಿಸಿದರು. 1979ರಲ್ಲಿ ಜಾನಿಸ್ ರೇಮಂಡ್ ಬರೆದ ‘ದಿ ಟ್ರಾನ್ಸ್‌ಸೆಕ್ಷುಯಲ್ ಎಂಪೈರ್’ ಟ್ರಾನ್ಸ್ ಮಹಿಳೆಯರನ್ನು ಹೆಂಗಸರ ಜಾಗಕ್ಕೆ ನುಗ್ಗಿದ ಗಂಡಸರೆಂದೇ ಬಗೆಯಿತು. ಹೆಂಗಸರೇ ಸೇರಿ ನಡೆಸುತ್ತಿದ್ದ ಒಲಿವಿಯಾ ರೆಕಾರ್ಡ್ಸ್ ಎಂಬ ಸಂಗೀತ ಸಂಸ್ಥೆಯಲ್ಲಿ ಧ್ವನಿಮುದ್ರಣದ ಎಂಜಿನಿಯರ್ ಆಗಿದ್ದ ಸ್ಯಾಂಡಿ ಸ್ಟೋನ್ ಹೆಸರು ಹಿಡಿದೇ ಆ ಪುಸ್ತಕದಲ್ಲಿ ದಾಳಿ ನಡೆಯಿತು. ಬಹಿಷ್ಕಾರದ ಬೆದರಿಕೆಗಳ ನಡುವೆ ಸ್ಟೋನ್ ಆ ಕೆಲಸ ಬಿಟ್ಟರು. ಆಮೇಲೆ ಓದಿ, 1991ರಲ್ಲಿ ಅಚ್ಚಾದ ತಮ್ಮ ದೀರ್ಘ ಪ್ರಬಂಧದಲ್ಲಿ ಉತ್ತರ ಕೊಟ್ಟರು. ಇಂದಿಗೂ ಈ ವಿಷಯದ ಚರ್ಚೆ ಆ ಪ್ರಬಂಧವನ್ನು ದಾಟದೆ ಮುಂದಕ್ಕೆ ಹೋಗುವುದಿಲ್ಲ.

ಅದರಲ್ಲಿ ಬರುವ ಒಂದು ಸಂಗತಿ ಇಡೀ ಚರ್ಚೆಯ ಬೇರನ್ನೇ ತೋರಿಸುತ್ತದೆ. ಆ ಕಾಲದ ಅಮೆರಿಕದ ಆಸ್ಪತ್ರೆಗಳಲ್ಲಿ ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಬೇಕೆಂದರೆ ವೈದ್ಯರ ಸಂದರ್ಶನದಲ್ಲಿ ಪಾಸಾಗಬೇಕಿತ್ತು. ಯಾರನ್ನು ನಿಜವಾದ ಟ್ರಾನ್ಸ್ ಎನ್ನಬೇಕು ಎಂಬುದಕ್ಕೆ ವೈದ್ಯರ ಕೈಯಲ್ಲಿದ್ದ ಅಳತೆಗೋಲು 1966ರಲ್ಲಿ ಬಂದ ಹ್ಯಾರಿ ಬೆಂಜಮಿನ್ ಅವರ ಪುಸ್ತಕ. ಬಂದವರೆಲ್ಲ ಆ ಪುಸ್ತಕದಲ್ಲಿದ್ದ ಲಕ್ಷಣಗಳನ್ನೇ ಒಂದೊಂದಾಗಿ ಹೇಳುತ್ತಿದ್ದರು: ಚಿಕ್ಕಂದಿನಿಂದ ಬೊಂಬೆಯಾಟ ಇಷ್ಟ, ಅಮ್ಮನ ಬಟ್ಟೆ ಇಷ್ಟ, ಗಂಡನ ಜೊತೆ ಸಂಸಾರ ಮಾಡುವಾಸೆ. ಸಿದ್ಧಾಂತ ಎಷ್ಟು ಕರಾರುವಾಕ್ಕಾಗಿದೆ ಎಂದು ವೈದ್ಯರು ಹಿಗ್ಗಿದರು. ವರ್ಷಗಳ ನಂತರ ಗೊತ್ತಾಯಿತು, ಬರುವವರೂ ಅದೇ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿಕೊಂಡು ಬರುತ್ತಿದ್ದರು. ಯಾವ ಉತ್ತರ ಕೊಟ್ಟರೆ ಬಾಗಿಲು ತೆರೆಯುತ್ತದೆ ಎಂದು ತಿಳಿದವರು ಆ ಉತ್ತರವನ್ನೇ ಕೊಡುತ್ತಿದ್ದರು. ಹೀಗೆ ಬಾಗಿಲು ಕಾಯುವವರು ಅಚ್ಚುಕಟ್ಟಾದ ‘ಹೆಂಗಸನ್ನು’ ಬೇಡಿದರು, ಒಳಗೆ ಹೋಗಬೇಕಿದ್ದವರು ಅದನ್ನು ಒಪ್ಪಿಸಿದರು, ಕೊನೆಗೆ ಸಿದ್ಧಾಂತಿಗಳು ಬಂದು ‘ಛೆ, ಎಷ್ಟು ಹಳೇಕಾಲದ ಹೆಣ್ಣುತನ’ ಎಂದು ಮೂಗು ಮುರಿದರು.

ನಮ್ಮಲ್ಲೂ ಬಾಗಿಲು ಕಾಯುವವರಿಗೆ ಬರವಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ತೀರ್ಪು ಕೊಟ್ಟರು. ತಾನು ಹೆಣ್ಣೋ, ಗಂಡೋ, ತೃತೀಯ ಲಿಂಗಿಯೋ ಎಂಬುದನ್ನು ಆಯಾ ವ್ಯಕ್ತಿಯೇ ಹೇಳಬೇಕು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಐದು ವರ್ಷ ಬಿಟ್ಟು 2019ರಲ್ಲಿ ಬಂದ ಕೇಂದ್ರದ ಕಾಯ್ದೆ ಸ್ವಯಂ ಗುರುತಿನ ಹಕ್ಕನ್ನು ಬಾಯಲ್ಲಿ ಒಪ್ಪಿ, ಕೈಯಲ್ಲಿ ಅರ್ಜಿ ಕೊಟ್ಟಿತು. ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ ಮೊದಲು ‘ಟ್ರಾನ್ಸ್‌ಜೆಂಡರ್’ ಎಂಬ ಗುರುತಿನ ಪತ್ರ ಪಡೆಯಬೇಕಿತ್ತು. ಹೆಣ್ಣು ಅಥವಾ ಗಂಡು ಎಂದು ಬರೆಸಿಕೊಳ್ಳಬೇಕಾದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಆಸ್ಪತ್ರೆಯ ಪತ್ರದೊಂದಿಗೆ ಮತ್ತೆ ಅರ್ಜಿ ಹಾಕಬೇಕಿತ್ತು. ಜನನ ಪ್ರಮಾಣಪತ್ರದ ತಿದ್ದುಪಡಿಗೆ ನಮ್ಮ ರಾಜ್ಯದಲ್ಲಿ 2024ರ ಕೊನೆಯಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಹಳೆಯ ಹೆಸರು ಮತ್ತು ಲಿಂಗದ ಜೊತೆಗೆ ಹೊಸದನ್ನೂ ನಮೂದಿಸಿ ಪತ್ರ ಕೊಡಿ ಎಂದು ನ್ಯಾಯಾಲಯ ಹೇಳಿತು. ದಾರಿ ತೆರೆಯಿತು, ನಿಜ. ಆದರೆ ಹಳೆಯ ಹೆಸರು ಕಾಗದದಲ್ಲಿ ಹಾಗೇ ಉಳಿಯಿತು.

ಕಚೇರಿಯ ಮಾತು ಬಿಡಿ, ಬಸ್ಸಿಗೆ ಬನ್ನಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಷ್ಟೇ ಅಲ್ಲ, ಲಿಂಗತ್ವ ಅಲ್ಪಸಂಖ್ಯಾತರೂ ಉಚಿತವಾಗಿ ಪ್ರಯಾಣಿಸಬಹುದು. ಒಳ್ಳೆಯ ತೀರ್ಮಾನ. ಈಗ ಕಂಡಕ್ಟರ್ ಮುಂದೆ ನಿಂತವರನ್ನು ಯೋಚಿಸಿ. ಉಟ್ಟಿರುವುದು ಸೀರೆ, ಆಧಾರ್ ಕಾರ್ಡಿನಲ್ಲಿರುವುದು ಶಾಲೆ ಬಿಡುವಾಗಿನ ಮೀಸೆ ಚಿಗುರಿದ ಫೋಟೋ. ಹಿಂದಿನಿಂದ ಹತ್ತುವವರ ನೂಕುನುಗ್ಗಲು, ಕಿಟಕಿ ಪಕ್ಕದವರ ನಗು, ಶೂನ್ಯ ಟಿಕೆಟ್ ಕೊಟ್ಟರೆ ನಾಳೆ ತನಿಖಾಧಿಕಾರಿ ಹಿಡಿದಾರು ಎಂಬ ಕಂಡಕ್ಟರ್ ಭಯ. ಆ ಅರ್ಧ ನಿಮಿಷದಲ್ಲಿ ಲಿಂಗ ನಿರ್ಧಾರ ಮಾಡಬೇಕಾದವರು ಒಬ್ಬ ಸಾರಿಗೆ ನೌಕರ. ಇನ್ನು ಕಾಗದದಲ್ಲಿ ‘ಹೆಣ್ಣು’ ಎಂದೇ ಇರುವ, ಗಡ್ಡ ಬಿಟ್ಟ ಟ್ರಾನ್ಸ್ ಪುರುಷನ ವಿಷಯ. ಯೋಜನೆ ಅವನಿಗೂ ಅನ್ವಯಿಸುತ್ತದೆ. ಆದರೆ ಅಷ್ಟು ಜನರೆದುರು ತನ್ನ ಕಥೆಯೆಲ್ಲ ಬಿಚ್ಚಿಟ್ಟು ಉಚಿತ ಟಿಕೆಟ್ ಕೇಳುವ ಬದಲು ಅವನು ಜೇಬಿಗೆ ಕೈ ಹಾಕಿ ದುಡ್ಡು ಕೊಡುವುದೇ ಹೆಚ್ಚು ಸಂಭವ.

ಇಂಥ ತಪಾಸಣೆಗಳಿಂದ ರೋಸಿಹೋದವರಿಗೆ ಕಾಲಂ ಅನ್ನೇ ತೆಗೆದುಬಿಡಿ ಅನ್ನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಟ್ರಾನ್ಸ್ ಲೇಖಕರಲ್ಲೇ ಆ ದಾರಿ ಹಿಡಿದವರಲ್ಲಿ ಕೇಟ್ ಬೋರ್ನ್‌ಸ್ಟೀನ್ ಪ್ರಮುಖರು. ಗಂಡಾಗಿ ಬೆಳೆದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾದ ಮೇಲೆ, ತಾನು ಇವೆರಡೂ ಅಲ್ಲ ಎಂದು 1994ರ ‘ಜೆಂಡರ್ ಔಟ್‌ಲಾ’ ಪುಸ್ತಕದಲ್ಲಿ ಬರೆದವರು. ಇಂದು ತಮ್ಮನ್ನು ನಾನ್‌ಬೈನರಿ ಎಂದುಕೊಳ್ಳುವ, ಬೆಂಗಳೂರಿನ ಕಾಲೇಜುಗಳಲ್ಲೂ ಕಾಣಸಿಗುವ ಹುಡುಗ ಹುಡುಗಿಯರು (ನೋಡಿ, ನನಗೂ ಬೇರೆ ಪದ ಸಿಗಲಿಲ್ಲ) ಬಹುಮಟ್ಟಿಗೆ ಇದೇ ಮಾತನ್ನಾಡುತ್ತಾರೆ. ಅವರ ದೃಷ್ಟಿಯಲ್ಲಿ ಮೂರನೆಯ ಕಾಲಂ ಕೂಡ ಪರಿಹಾರವಲ್ಲ. ಎರಡರಲ್ಲೂ ಸೇರದವರನ್ನೆಲ್ಲ, ಹಿಜ್ರಾ, ಜೋಗಪ್ಪ, ಟ್ರಾನ್ಸ್ ಪುರುಷ, ಯಾವುದೂ ಅಲ್ಲದವರು ಎನ್ನದೆ, ‘ಇತರೆ’ ಎಂಬ ಒಂದೇ ಚೀಲಕ್ಕೆ ತುಂಬಿ ಮೊದಲಿನ ಎರಡನ್ನು ಹಾಗೇ ಭದ್ರವಾಗಿ ಇಟ್ಟುಕೊಳ್ಳುವ ಉಪಾಯ ಅದು. ಈ ಆಕ್ಷೇಪದಲ್ಲಿ ಹುರುಳಿದೆ.

ಎದುರು ದಿಕ್ಕಿನಿಂದ ಅಷ್ಟೇ ಗಟ್ಟಿಯಾಗಿ ಮಾತಾಡಿದವರು ಜೂಲಿಯಾ ಸೆರಾನೊ. ಓದಿದ್ದು ಜೀವವಿಜ್ಞಾನ, ಬದುಕುತ್ತಿರುವುದು ಟ್ರಾನ್ಸ್ ಮಹಿಳೆಯಾಗಿ. ಲಿಂಗವೆಂಬುದು ಬರೀ ನಟನೆ, ಅದನ್ನು ಕೆಡವುವವರೇ ಕ್ರಾಂತಿಕಾರಿಗಳು ಎಂಬ ವಿದ್ವಾಂಸರ ಫ್ಯಾಷನ್ನನ್ನು ಅವರು 2007ರ ‘ವಿಪ್ಪಿಂಗ್ ಗರ್ಲ್’ ಪುಸ್ತಕದಲ್ಲಿ ತರಾಟೆಗೆ ತೆಗೆದುಕೊಂಡರು. ಎರಡನ್ನೂ ಮೀರಿದವರು ಶ್ರೇಷ್ಠ, ಸಾಮಾನ್ಯ ಹೆಂಗಸಾಗಿರಲು ಬಯಸುವವರು ಹಿಂದುಳಿದವರು ಎಂದಾದರೆ ಅದೂ ಒಂದು ಮೇಲು ಕೀಳೇ ಅಲ್ಲವೇ ಎಂಬುದು ಅವರ ಪ್ರಶ್ನೆ. ಟ್ರಾನ್ಸ್ ಮಹಿಳೆಯನ್ನು ಜನ ಗೇಲಿ ಮಾಡುವುದರ ಹಿಂದೆ ಹೆಣ್ಣುತನದ ಬಗ್ಗೆಯೇ ಇರುವ ತಾತ್ಸಾರವಿದೆ ಎಂದೂ ಅವರು ತೋರಿಸಿದರು. 2019ರಲ್ಲಿ ಮ್ಯಾಥ್ಯೂ ಕಲ್ ಎಂಬ ತತ್ವಶಾಸ್ತ್ರಜ್ಞರು ಸ್ತ್ರೀವಾದಿ ತತ್ವಶಾಸ್ತ್ರದ ಪತ್ರಿಕೆಯೊಂದರಲ್ಲಿ ರದ್ದತಿಯ ವಿರುದ್ಧವೇ ಲೇಖನ ಬರೆದು, ವರ್ಗಗಳನ್ನು ಅಳಿಸಿದರೆ ಮೊದಲು ಪೆಟ್ಟು ತಿನ್ನುವವರು ಟ್ರಾನ್ಸ್ ಜನರೇ, ಅದರ ಬದಲು ವರ್ಗಗಳು ಹೆಚ್ಚಲಿ ಎಂದರು.

ಇದೆಲ್ಲ ಅಮೆರಿಕ, ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಮಾತಾಯಿತು. ಬಳ್ಳಾರಿ ಸೀಮೆಗೆ ಬಂದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಮಂಜಮ್ಮ ಜೋಗತಿ ಹುಟ್ಟಿದ್ದು ಕಲ್ಲುಕಂಬದಲ್ಲಿ, ಮಂಜುನಾಥ ಶೆಟ್ಟಿಯಾಗಿ. ಮೈಯಲ್ಲಿ ದೇವಿ ಬಂದಿದ್ದಾಳೆಂದು ಹುಲಿಗೆಮ್ಮನ ಸನ್ನಿಧಿಯಲ್ಲಿ ಉಡಿದಾರ ಹರಿದು, ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟಿದರು. ಆಮೇಲಿನ ಹಸಿವು, ಅವಮಾನ, ಸಾಯುವ ಪ್ರಯತ್ನ ಇವನ್ನೆಲ್ಲ ಅವರು ಬಹಳ ಕಡೆ ಹೇಳಿಕೊಂಡಿದ್ದಾರೆ. ಕಾಳವ್ವ ಜೋಗತಿಯವರಿಂದ ಕಲಿತ ಕಲೆ ಅವರನ್ನು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷ ಸ್ಥಾನಕ್ಕೆ, ಅಲ್ಲಿಂದ ಪದ್ಮಶ್ರೀಗೆ ಕರೆದೊಯ್ದಿತು. 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿ ಪಡೆಯುವ ಮುನ್ನ ಮಂಜಮ್ಮ ಸೆರಗಿನ ಅಂಚು ಹಿಡಿದು ರಾಷ್ಟ್ರಪತಿ ಕೋವಿಂದ್ ಅವರ ದೃಷ್ಟಿ ತೆಗೆದರು. ಶಿಷ್ಟಾಚಾರದ ಯಾವ ಪುಸ್ತಕದಲ್ಲೂ ಇಲ್ಲದ ಆ ಚಲನೆಯನ್ನು ಇಡೀ ದೇಶ ನೋಡಿತು. ಸೀರೆ ಎಂಬುದು ಪುರುಷಪ್ರಧಾನ ಸಮಾಜ ಹೆಣ್ಣಿನ ಮೇಲೆ ಹೇರಿದ ಉಡುಪು ಎನ್ನುವವರು ಆ ಸೆರಗಿಗೆ ಏನನ್ನುತ್ತಾರೋ ಕೇಳಬೇಕು.

ಮಂಜಮ್ಮನಂತೆ ದೇವಿಗೆ ಮುಡಿಪಾದ ಜೋಗಪ್ಪಂದಿರ ಲೋಕದಲ್ಲಿ ವರ್ಗವೆಂಬುದು ಅರ್ಜಿಯ ಕಾಲಂ ಅಲ್ಲ. ಕೊರಳಲ್ಲಿ ಮುತ್ತು, ಕೈಯಲ್ಲಿ ಚೌಡಿಕೆ, ತಲೆಯ ಮೇಲೆ ಕೊಡ, ಮಂಗಳವಾರ ಶುಕ್ರವಾರದ ಜೋಗ, ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮನ ಹುಣ್ಣಿಮೆಗಳು. ದೇವಿಯ ವೈಧವ್ಯಕ್ಕೆ ತಮ್ಮ ಬಳೆ ಒಡೆದುಕೊಂಡು, ಮುತ್ತೈದೆತನ ಮರಳಿದಾಗ ಮತ್ತೆ ತೊಟ್ಟುಕೊಳ್ಳುವ ಜನ ಅವರು. ಹಿಜ್ರಾ ಸಮುದಾಯದ ನಿರ್ವಾಣ, ಅಂದರೆ ಜನನಾಂಗ ತೆಗೆಸಿಕೊಳ್ಳುವ ವಿಧಿ, ಜೋಗಪ್ಪಂದಿರ ಸಂಪ್ರದಾಯದ ಕಡ್ಡಾಯ ಭಾಗವಲ್ಲ. ಹೆಣ್ಣೇ, ಗಂಡೇ, ಮೂರನೆಯವರೇ ಎಂದು ಕೇಳಿದರೆ ‘ಅಮ್ಮನವರು’ ಎಂಬ ಉತ್ತರ ಬಂದೀತು. ಇದನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಆ ಪದ್ಧತಿಯಲ್ಲಿ ಬಡತನವಿದೆ, ಭಯವಿದೆ, ಮನೆಯವರು ಕೈತೊಳೆದುಕೊಳ್ಳಲು ದೇವಿಯ ಹೆಸರು ಹೇಳಿದ್ದೂ ಇದೆ. ಆದರೂ ಹೆಣ್ಣುತನದಲ್ಲಿ ಅಧೀನತೆಯ ಹೊರತಾಗಿ ಇನ್ನೇನೋ ಇದೆ, ಸಿಂಗಾರ, ಹಾಡು, ಮೈಗೊಂದು ನೆಮ್ಮದಿ, ಎಂಬುದನ್ನು ಈ ಬದುಕುಗಳು ಯಾವ ಸಿದ್ಧಾಂತಕ್ಕಿಂತ ಚೆನ್ನಾಗಿ ತೋರಿಸುತ್ತವೆ. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಬಿ.ಎಸ್. ಲಿಂಗದೇವರು ಅವರ ಸಿನಿಮಾದ ಹೆಸರು ‘ನಾನು ಅವನಲ್ಲ ಅವಳು’. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿದ ಆ ಚಿತ್ರದ ನಾಯಕಿ ಸಾಲಿನ ಮೊದಲರ್ಧಕ್ಕೆ ನಿಂತುಬಿಡುವುದಿಲ್ಲ.

ಹಾಗಾದರೆ ವರ್ಗಗಳಿರಲಿ ಎಂದು ಇಲ್ಲಿಗೆ ಬಿಡೋಣವೇ? ಅದೂ ಸಾಧ್ಯವಿಲ್ಲ, ಏಕೆಂದರೆ ವರ್ಗದ ಪಟ್ಟಿ ಮೊದಲು ಹುಟ್ಟಿದ್ದೇ ಪೊಲೀಸ್ ಠಾಣೆಯಲ್ಲಿ. 1871ರಲ್ಲಿ ಬ್ರಿಟಿಷರು ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗ ಪೂರ್ತಿ ಇದ್ದದ್ದು ಹಿಜ್ರಾಗಳಂಥವರ ಮೇಲೆಯೇ. ಹಿಜ್ರಾ ಸಮುದಾಯದವರ ಹೆಸರು, ವಿಳಾಸ, ಆಸ್ತಿಯ ಪಟ್ಟಿ ತಯಾರಾಗಬೇಕಿತ್ತು, ಪಟ್ಟಿಯಲ್ಲಿದ್ದವರು ಸಾರ್ವಜನಿಕವಾಗಿ ಹೆಂಗಸರ ಬಟ್ಟೆ ತೊಟ್ಟರೆ, ಕುಣಿದರೆ ಬಂಧಿಸಬಹುದಿತ್ತು. ಅದು ಹಳೆಯ ಕಥೆ ಎನ್ನುವಂತಿಲ್ಲ. 2011ರಲ್ಲಿ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಂ ಸೇರಿತು. ಸಂಶಯಕ್ಕೆ ಒಳಗಾದ ಈ ಸಮುದಾಯದವರ ಹೆಸರು ವಿಳಾಸಗಳ ರಿಜಿಸ್ಟರ್ ಇಡಲು ಪೊಲೀಸ್ ಕಮಿಷನರ್‌ಗೆ ಅಧಿಕಾರ ಕೊಟ್ಟ ಆ ಕಲಂನ ಒಕ್ಕಣೆಯಲ್ಲಿ 1871ರ ನೆರಳು ಢಾಳಾಗಿ ಕಾಣುತ್ತಿತ್ತು. ಸಮುದಾಯ ಬೀದಿಗಿಳಿಯಿತು, ಹೈಕೋರ್ಟಿಗೂ ಹೋಯಿತು. 2016ರಲ್ಲಿ ಸರ್ಕಾರ ಕಲಂನಿಂದ ಸಮುದಾಯದ ಹೆಸರನ್ನು ತೆಗೆಯಿತು.

ಅದಾಗಿ ಐದು ವರ್ಷಕ್ಕೆ ಅದೇ ಸರ್ಕಾರದ ಇನ್ನೊಂದು ಇಲಾಖೆ ಇದೇ ಜನರ ಹೆಸರು ಕೇಳಿತು. ‘ಸಂಗಮ’ ಸಂಸ್ಥೆ ಹೈಕೋರ್ಟಿನಲ್ಲಿ ಹೂಡಿದ್ದ ಮೊಕದ್ದಮೆಯ ಫಲವಾಗಿ 2021ರ ಜುಲೈ 6ರಂದು ಸರ್ಕಾರ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ನೇರ ನೇಮಕಾತಿಯ ಹುದ್ದೆಗಳಲ್ಲಿ ಶೇ 1ರಷ್ಟನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲಿಟ್ಟಿತು. ದೇಶದಲ್ಲಿ ಹೀಗೆ ಮಾಡಿದ ಮೊದಲನೆಯ ರಾಜ್ಯ ನಮ್ಮದು. ಇದು ಅಡ್ಡ ಮೀಸಲಾತಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1ರಿಂದ 3ಬಿವರೆಗೆ, ಸಾಮಾನ್ಯ ವರ್ಗ, ಹೀಗೆ ಪ್ರತಿಯೊಂದರೊಳಗೂ ಶೇ 1. ಆದ್ದರಿಂದ ದಲಿತ ಟ್ರಾನ್ಸ್ ಮಹಿಳೆ ತನ್ನ ಜಾತಿಯ ಹಕ್ಕನ್ನು ಬಿಟ್ಟುಕೊಡಬೇಕಿಲ್ಲ. ತಮಿಳುನಾಡಿನ ದಲಿತ ಟ್ರಾನ್ಸ್ ಹೋರಾಟಗಾರ್ತಿ ಗ್ರೇಸ್ ಬಾನು ವರ್ಷಗಳಿಂದ ಕೇಳುತ್ತಿರುವುದೂ ಇದನ್ನೇ. ಇನ್ನು ಮುಂದೆ ಅರ್ಜಿ ನಮೂನೆಯಲ್ಲಿ ಪುರುಷ, ಮಹಿಳೆ ಜೊತೆಗೆ ಇತರೆ ಎಂಬ ಕಾಲಂ ಇರಲೇಬೇಕೆಂದೂ ನಿಯಮ ಹೇಳಿತು. 2011ರಲ್ಲಿ ಹೆದರಿಸಿದ ಕಾಲಂ 2021ರಲ್ಲಿ ಕೆಲಸ ಕೊಡಿಸಲು ಬಂತು. ಈ ಎರಡನ್ನೂ ಕಂಡವರಿಗೆ ಕಾಲಂ ಇರಬೇಕೆ ಬೇಡವೇ ಎಂಬ ಪ್ರಶ್ನೆ ಅರ್ಧ ಪ್ರಶ್ನೆ ಅನ್ನಿಸುತ್ತದೆ. ಆ ರಿಜಿಸ್ಟರ್ ಯಾವ ಇಲಾಖೆಯ ಬೀರುವಿನಲ್ಲಿ ಕೂರುತ್ತದೆ, ಅದರಲ್ಲಿ ಹೆಸರು ಬರೆಯುವವರು ಯಾರು ಎಂಬುದು ಉಳಿದರ್ಧ.

ಇಲ್ಲಿ ಓದುಗರಿಗೆ ಜಾತಿ ನೆನಪಾಗುತ್ತದೆ, ಆಗಲೇಬೇಕು. ಅಂಬೇಡ್ಕರ್ 1936ರಲ್ಲೇ ಜಾತಿ ವಿನಾಶದ ಮಾತಾಡಿದರು, ಮೀಸಲಾತಿಗಾಗಿ ಜಾತಿಯನ್ನು ಲೆಕ್ಕ ಹಾಕುವ ಸಂವಿಧಾನವನ್ನೂ ಕೊಟ್ಟರು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ, ಗಾಯ ಎಲ್ಲಿದೆಯೆಂದು ಗುರುತಿಸದೆ ಮದ್ದು ಹಚ್ಚಲಾಗದು. ‘ನನಗೆ ಜಾತಿಯಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ಸಾಮಾನ್ಯವಾಗಿ ಯಾವ ಜಾತಿಯಲ್ಲಿ ಹುಟ್ಟಿರುತ್ತಾರೆ ಎಂಬುದು ನಮಗೆಲ್ಲ ಗೊತ್ತು. ‘ನಾನು ಲಿಂಗವನ್ನೇ ನೋಡುವುದಿಲ್ಲ’ ಎನ್ನುವವರ ಕಥೆಯೂ ಬೇರೆಯಲ್ಲ, ಅವರನ್ನು ಯಾವ ಕಂಡಕ್ಟರೂ ತಡೆದು ಆಧಾರ್ ಫೋಟೋಕ್ಕೂ ಮುಖಕ್ಕೂ ತಾಳೆ ನೋಡಿರುವುದಿಲ್ಲ. ಆದರೆ ಈ ಹೋಲಿಕೆ ಕೊನೆಯವರೆಗೂ ಬರುವುದಿಲ್ಲ. ಜಾತಿಯಲ್ಲಿ ಶ್ರೇಣಿಯನ್ನು ತೆಗೆದರೆ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲ. ಲಿಂಗದಲ್ಲಿ ಶ್ರೇಣಿ ತೆಗೆದ ಮೇಲೂ ಮಂಜಮ್ಮನ ಸೆರಗು ಉಳಿಯುತ್ತದೆ. ರದ್ದತಿವಾದಿಗಳು ಎಡವುವುದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಬೇರೆ ದೇಶಗಳ ಕಾನೂನುಗಳೂ ಇದೇ ಇಕ್ಕಟ್ಟಿನಲ್ಲಿವೆ. 2014ರಲ್ಲಿ ನಾಲ್ಸಾ ತೀರ್ಪು ಬಂದ ಅದೇ ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್ ನಾರಿ ಎಂಬುವರ ಪ್ರಕರಣದಲ್ಲಿ ಹೆಣ್ಣು ಗಂಡೆರಡೂ ಅಲ್ಲದ ನಮೂದನ್ನು ಒಪ್ಪಿತು. 2017ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಶಾಸಕರ ಮುಂದೆ ಎರಡು ದಾರಿ ಇಟ್ಟಿತು: ಮೂರನೆಯ ನಮೂದು ಕೊಡಿ, ಇಲ್ಲವೇ ಲಿಂಗ ದಾಖಲಿಸುವುದನ್ನೇ ಕೈಬಿಡಿ. ಸಂಸತ್ತು ಮೂರನೆಯದನ್ನು ಸೇರಿಸಿ ಸುಮ್ಮನಾಯಿತು. 2019ರಲ್ಲಿ ಟಾಸ್ಮೇನಿಯಾ ಇನ್ನೊಂದು ದಾರಿ ಹಿಡಿದು, ಜನನ ಪ್ರಮಾಣಪತ್ರದಲ್ಲಿ ಲಿಂಗ ಬೇಕೆಂದವರಿಗೆ ಮಾತ್ರ ಅಚ್ಚಾಗಲಿ ಎಂದಿತು. ಲಿಂಗತ್ವ ಹಾಗೂ ಲೈಂಗಿಕತೆಯ ಹಕ್ಕುಗಳ ಕುರಿತ ‘ಯೋಗ್ಯಕರ್ತಾ ತತ್ವಗಳು’ ಎಂಬ ಅಂತರರಾಷ್ಟ್ರೀಯ ದಾಖಲೆಗೆ 2017ರಲ್ಲಿ ಸೇರಿಸಿದ 31ನೇ ತತ್ವ ಇನ್ನೂ ಮುಂದೆ ಹೋಗಿ, ಗುರುತಿನ ದಾಖಲೆಗಳಲ್ಲಿ ಲಿಂಗ ನಮೂದಿಸುವುದನ್ನು ಸರ್ಕಾರಗಳು ನಿಲ್ಲಿಸಬೇಕು, ನಿಲ್ಲಿಸುವವರೆಗೆ ವ್ಯಕ್ತಿ ಹೇಳಿದ್ದನ್ನೇ ಬರೆಯಬೇಕು ಎಂದಿದೆ. ಅದರ ಕರಡು ಸಮಿತಿಯಲ್ಲಿ ಬೆಂಗಳೂರಿನ ವಕೀಲ ಅರವಿಂದ್ ನರೇನ್ ಇದ್ದರು. ಇದರ ತೀರಾ ವಿರುದ್ಧ ದಿಕ್ಕಿನಲ್ಲಿ 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ಹೊರಡಿಸಿದ ಆದೇಶ ನಿಂತಿದೆ. ಸರ್ಕಾರಕ್ಕೆ ಇರುವುದು ಎರಡೇ ಲಿಂಗ, ಅದೂ ಬದಲಾಗದ್ದು ಎಂದಿತು ಆ ಆದೇಶ.

ಇಷ್ಟೆಲ್ಲದರ ನಡುವೆ ಟ್ರಾನ್ಸ್ ಪುರುಷರ ಮಾತು ಕಿವಿಗೆ ಬೀಳುವುದು ಅಪರೂಪ. ಹಿಜ್ರಾ, ಜೋಗಪ್ಪ ಎಂದರೆ ಜನಕ್ಕೊಂದು ಚಿತ್ರ ಮೂಡುತ್ತದೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬದುಕುವವರಿಗೆ ನಮ್ಮಲ್ಲಿ ಗುಡಿಯಿಲ್ಲ, ಹಿಜ್ರಾಗಳು ಒಟ್ಟಿಗೆ ನೆಲೆಸುವ ಹಮಾಮ್‌ನಂಥದ್ದಿಲ್ಲ, ಗುರು ಚೇಲಾ ಪರಂಪರೆಯೂ ಇಲ್ಲ. ಅವರನ್ನು ಮನೆಯವರು ಹೊರಗೆ ಹಾಕುವುದಕ್ಕಿಂತ ಒಳಗೆ ಕೂಡಿಹಾಕಿ ಮದುವೆ ಮಾಡಿಬಿಡುವುದೇ ಹೆಚ್ಚು. ಬೆಂಗಳೂರಿನ ಹಿಂದೂಸ್ತಾನಿ ಗಾಯಕ ರೂಮಿ ಹರೀಶ್ ಅವರ ಬದುಕನ್ನು ದಾದಾಪೀರ್ ಜೈಮನ್ ‘ಜೌನ್‌ಪುರಿ ಖಯಾಲ್’ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. ತನ್ನ ದೇಹವನ್ನು ತನ್ನದು ಮಾಡಿಕೊಳ್ಳಲು ಹೊರಟ ಗಾಯಕನಿಗೆ ಸಾಧನೆ ಮಾಡಿ ಗಳಿಸಿದ ದನಿಯೇ ಪಣಕ್ಕೆ ಬೀಳುತ್ತದೆ. ಟ್ರಾನ್ಸ್ ಲೇಖಕಿ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಬಂದು, ಹೆಗ್ಗೋಡಿನ ತಂಡದ ನಾಟಕವಾಗಿ ಊರೂರು ಸುತ್ತಿದ ಮೇಲೆ ಕನ್ನಡಿಗರಿಗೆ ಟ್ರಾನ್ಸ್ ಮಹಿಳೆಯರ ಬದುಕು ಒಂದಿಷ್ಟು ಪರಿಚಯವಾಯಿತು. ಟ್ರಾನ್ಸ್ ಪುರುಷರಿಗೆ ಅಂಥ ನಾಟಕ ಇನ್ನೂ ಬರಬೇಕಿದೆ.

ನನ್ನ ನಿಲುವನ್ನು ನೇರವಾಗಿ ಹೇಳಿಬಿಡುತ್ತೇನೆ. ಗ್ರಂಥಾಲಯದ ಸದಸ್ಯತ್ವಕ್ಕೆ, ಗ್ಯಾಸ್ ಸಂಪರ್ಕಕ್ಕೆ, ಅಪಾರ್ಟ್‌ಮೆಂಟ್ ಗೇಟಿನ ಪುಸ್ತಕಕ್ಕೆ ಲಿಂಗ ಯಾಕೆ ಬೇಕು? ಅಲ್ಲೆಲ್ಲ ಅದು ಅಭ್ಯಾಸ ಬಲದಿಂದ ಕೂತಿದೆ, ಇವತ್ತೇ ತೆಗೆಯಬಹುದು. ಉದ್ಯೋಗ, ಶಿಕ್ಷಣ, ಪಿಂಚಣಿ, ಬಸ್ ಪ್ರಯಾಣ ಹೀಗೆ ಏನನ್ನಾದರೂ ಕೊಡುವುದಕ್ಕಾಗಿ ಕೇಳುವ ಕಡೆ ಕಾಲಂ ಇರಲಿ, ಅದನ್ನು ತುಂಬುವ ಅಧಿಕಾರ ಮಾತ್ರ ಆ ವ್ಯಕ್ತಿಯದ್ದೇ ಆಗಿರಲಿ, ವೈದ್ಯರದ್ದೂ ಅಲ್ಲ, ಜಿಲ್ಲಾಧಿಕಾರಿಯದ್ದೂ ಅಲ್ಲ. ಸುಳ್ಳು ಹೇಳಿ ಸವಲತ್ತು ಹೊಡೆಯುವವರು ಬಂದಾರೆಂಬ ಆಕ್ಷೇಪ ಬಂದೇ ಬರುತ್ತದೆ. ಈ ಸಮಾಜದಲ್ಲಿ ಟ್ರಾನ್ಸ್ ಎಂದು ಬರೆಸಿಕೊಂಡರೆ ಬಾಡಿಗೆ ಮನೆ ಸಿಗುವುದಿಲ್ಲ, ಹೆಣ್ಣು ಗಂಡು ಕೊಡುವವರಿರುವುದಿಲ್ಲ. ಶೇ 1ರ ಆಸೆಗೆ ಅಷ್ಟನ್ನು ಮೈಮೇಲೆ ಎಳೆದುಕೊಳ್ಳುವವರು ಎಷ್ಟು ಮಂದಿ ಸಿಕ್ಕಾರು? ಇನ್ನು ಲಿಂಗಗಳೇ ಇಲ್ಲದ ಸಮಾಜ ಬರಬೇಕೇ ಎಂಬುದನ್ನು ಹೆಣ್ಣು ಗಂಡೆಂಬ ಮೇಲು ಕೀಳು ಹೋದ ಮೇಲೆ ಹುಟ್ಟುವವರು ತೀರ್ಮಾನಿಸಲಿ. ಆ ಹಿರಿಯ ಕನಸಿನ ಖರ್ಚನ್ನು ಈಗಲೇ ಟ್ರಾನ್ಸ್ ಜನರ ಲೆಕ್ಕಕ್ಕೆ ಹಾಕುವುದು ಅನ್ಯಾಯ.

ಕಾಲಂ ಇದ್ದದ್ದರಿಂದ ಏನು ತಿಳಿಯಿತು ಎಂಬುದಕ್ಕೆ 2011ರ ಜನಗಣತಿ ನೋಡಿ. ಮೊದಲ ಬಾರಿಗೆ ಪುರುಷ 1, ಮಹಿಳೆ 2 ಜೊತೆಗೆ ಇತರೆ ಎಂಬ 3ನೇ ಸಂಕೇತ ಇತ್ತು. ದೇಶದಲ್ಲಿ 4,87,803, ಕರ್ನಾಟಕದಲ್ಲಿ 20,266 ಮಂದಿ ಅದರಡಿ ದಾಖಲಾದರು. ಅವರ ಸಾಕ್ಷರತೆ ಶೇ 56ರ ಆಸುಪಾಸು, ದೇಶದ ಒಟ್ಟು ಸಾಕ್ಷರತೆ ಶೇ 73ರಷ್ಟು. ಕಾಲಂ ಇಲ್ಲದಿದ್ದರೆ ಈ ಕಂದರ ಸರ್ಕಾರದ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯಿದೆ: ಹಾಗೆ ದಾಖಲಾದವರಲ್ಲಿ 54 ಸಾವಿರಕ್ಕೂ ಹೆಚ್ಚು ಮಂದಿ ಆರು ವರ್ಷದವರೆಗಿನ ಮಕ್ಕಳು. ಅಷ್ಟು ಸಣ್ಣ ಮಕ್ಕಳು ತಾವಾಗಿ ಹೇಳಿಕೊಂಡಿರಲು ಸಾಧ್ಯವಿಲ್ಲ, ಮನೆಯ ದೊಡ್ಡವರೇ ಹೇಳಿರಬೇಕು. ಗಣತಿ ನಡೆಯುವುದೇ ಹಾಗೆ. ಜಗಲಿಯ ಮೇಲೆ ಕೂತ ಯಜಮಾನರು ಮನೆಮಂದಿಯೆಲ್ಲರ ವಿವರ ಹೇಳುತ್ತಾರೆ, ಗಣತಿದಾರರು ಬರೆದುಕೊಳ್ಳುತ್ತಾರೆ. ಮನೆಬಿಟ್ಟು ಹೋದ ಮಗುವಿನ ಹೆಸರನ್ನು ಅವರು ಹೇಳುವುದೇ ಇಲ್ಲ, ಮನೆಯೊಳಗೇ ಮುಚ್ಚಿಟ್ಟುಕೊಂಡು ಬದುಕುತ್ತಿರುವ ಮಗುವನ್ನು ಹುಟ್ಟಿದಾಗಿನ ಲೆಕ್ಕಕ್ಕೇ ಸೇರಿಸುತ್ತಾರೆ.

ಮುಂದಿನ ಜನಸಂಖ್ಯಾ ಗಣತಿ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಗಣತಿದಾರರು ನಿಮ್ಮ ಮನೆಗೂ ಬರುತ್ತಾರೆ. ಲಿಂಗದ ಪ್ರಶ್ನೆ ಬಂದಾಗ ಎಲ್ಲರ ಪರವಾಗಿ ನೀವೇ ಉತ್ತರಿಸಬೇಡಿ. ಮನೆಯಲ್ಲಿ ಬೆಳೆದ ಮಕ್ಕಳಿದ್ದರೆ ಅವರನ್ನು ಹೊರಗೆ ಕರೆದು, ತಮ್ಮ ಉತ್ತರವನ್ನು ತಾವೇ ಹೇಳಲು ಬಿಡಿ. ಅವರು ಏನು ಹೇಳಿದರೂ ಗಣತಿದಾರರ ಎದುರು ಜಗಳ ತೆಗೆಯಬೇಡಿ.